ಝಡತಿ ಕದಿರಮ್ಮ

ನಂದಿದುರ್ಗ ಗಣಿಯ ಗೇಟಿನ ಪಕ್ಕದ ಪೊಲೀಸ್ ಚೌಕಿಯಲ್ಲಿ ಒಂದು ಮೂಲೆಗೆ ಗೋಣಿತಾಟಿನ ಪರದೆ ಕಟ್ಟಿತ್ತು. ಅದರ ಹಿಂದೆ ಮಣೆ ಹಾಕಿಕೊಂಡು ಕದಿರಮ್ಮ ಕೂತಿರುತ್ತಿದ್ದಳು. ಚಿನ್ನ ಕದ್ದ ಗುಮಾನಿಯ ಮೇಲೆ ಹೆಂಗಸರನ್ನು ಹಿಡಿದು ತಂದರೆ ಗಂಡಸರು ಮುಟ್ಟುವಂತಿರಲಿಲ್ಲ. ಅವರ ಝಡತಿ ಮಾಡಲಿಕ್ಕೆ, ಎಂದರೆ ಮೈ ತಡವಿ ಹುಡುಕಲಿಕ್ಕೆ, ಅವಳನ್ನು ಇಟ್ಟುಕೊಂಡಿದ್ದರು. ಪೊಲೀಸಿನಲ್ಲಿ ಹೆಂಗಸು ಎಂದರೆ ಜನ ನಗುತ್ತಿದ್ದ ಕಾಲ ಅದು. ಪೇಟವಿಲ್ಲ, ಬೆಲ್ಟಿಲ್ಲ, ಸೆರಗಿಗೆ ಚುಚ್ಚಿಕೊಳ್ಳಲು ಒಂದು ಹಿತ್ತಾಳೆ ಬಿಲ್ಲೆ, ಅಷ್ಟೇ.

ಅವಳು ಬೇತಮಂಗಲದ ಕಡೆಯ ಒಕ್ಕಲುಮನೆಯ ಮಗಳು. ಗಂಡ ಬಚ್ಚಪ್ಪ ಗಣಿಯೊಳಗೆ ಬಂಡೆ ಸಿಡಿದು ತೀರಿಕೊಂಡ ಮೇಲೆ ಊರಿಗೆ ಹಿಂತಿರುಗಲು ಕಾಲು ಬರಲಿಲ್ಲ. ಸಂಜೆ ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳ ಬಿಳಿ ಮಣ್ಣು ಗಾಳಿಗೆ ಎದ್ದು ಬೀದಿಯೆಲ್ಲ ಮಂಜು ಕವಿದಂತಾದಾಗ, ನೆಲದಡಿ ಬಂಡೆ ಸಿಡಿಸುವ ಗುಡುಗು ಅಂಗಾಲಿಗೆ ತಾಕುತ್ತಿತ್ತು. ಕೆಳಗೆ ಇನ್ನೊಂದು ಊರಿದೆ, ಅಲ್ಲಿ ಬಚ್ಚಪ್ಪ ಬೀಡಿ ಹಚ್ಚಿಕೊಂಡು ಓಡಾಡುತ್ತಿದ್ದಾನೆ ಎಂದು ಅವಳಿಗೆ ಅನಿಸುತ್ತಿತ್ತು. ಆ ಊರನ್ನು ಬಿಟ್ಟು ಹೋಗುವುದು ಹೇಗೆ?

ಒಂದು ಮಧ್ಯಾಹ್ನ ದಫೇದಾರ ಕೋದಂಡಪ್ಪ ಒಬ್ಬ ಬಸುರಿಯನ್ನು ಕರೆತಂದ. ಹೆಸರು ಮುನಿರತ್ನಮ್ಮ. ಗಂಡನಿಗೆ ದಿನವೂ ಗೇಟಿನ ಹತ್ತಿರ ಬುತ್ತಿ ತಂದುಕೊಟ್ಟು ಖಾಲಿ ಪಾತ್ರೆ ಹಿಡಿದು ಹೋಗುವವಳು.

"ವರ್ಷವಾದರೂ ಹೆರದ ಬಸುರಿಯಂತೆ. ಅದು ಹೊಟ್ಟೆಯಲ್ಲ, ಕದ್ದ ಮಾಲು ಸಾಗಿಸುವ ಗಂಟು ಅಂತ ಸುದ್ದಿ ಬಂದಿದೆ. ಸರಿಯಾಗಿ ನೋಡು, ಕದಿರಮ್ಮ," ಎಂದ ದಫೇದಾರ.

ಪರದೆಯ ಹಿಂದೆ ಮುನಿರತ್ನಮ್ಮ ಗೋಡೆಗೆ ಒರಗಿ ನಿಂತಳು. ಕದಿರಮ್ಮ ತಲೆಗೂದಲು ಬಿಚ್ಚಿ ನೋಡಿದಳು, ಸೀರೆಯ ಅಂಚು ತಡವಿದಳು. ಕೊನೆಗೆ ಹೊಟ್ಟೆಯ ಮೇಲೆ ಕೈಯಿಟ್ಟಳು. ಅದು ಮೆತ್ತಗಿತ್ತು. ಜೀವದ ಮೆತ್ತನೆಯಲ್ಲ, ಬಟ್ಟೆಯದು. ಸುತ್ತಿದ ಪಟ್ಟಿಯನ್ನು ಸಡಿಲಿಸಿದರೆ ಒಳಗೆ ಪುಟ್ಟ ಕುಲಾವಿ, ಅಂಗಿ, ದಟ್ಟಿ, ಬೇವಿನೆಲೆಯ ವಾಸನೆ. ಮಡಿಕೆ ಮಡಿಕೆಯಲ್ಲೂ ಬೆರಳಾಡಿಸಿದಳು. ಚಿನ್ನದ ಚೂರೂ ಇರಲಿಲ್ಲ.

"ಏನಮ್ಮಾ ಇದು?" ಎಂದು ಪಿಸುಮಾತಿನಲ್ಲಿ ಕೇಳಿದಳು.

"ಹುಟ್ಟಿದ ದಿನಾನೇ ಓಯ್ತು, ಅಕ್ಕಯ್ಯಾ. ಇದನ್ನ ಕಟ್ಕೊಂಡ್ರೆ ಇನ್ನೂ ಬರೋದೈತೆ ಅನ್ನಿಸ್ತೈತೆ. ಬಿಚ್ಚಿದ್ರೆ ಮೈಯೆಲ್ಲ ಗಾಳಿ ಆದಂಗೆ ಆಗ್ತೈತೆ."

"ನಿನ್ನ ಗಂಡನಿಗೆ ಗೊತ್ತಾ?"

"ಗೊತ್ತು. ಏನೂ ಅನ್ನಲ್ಲ. ರಾತ್ರಿ ಅವ್ರೂ ಒಂದು ಕೈ ಇದರ ಮೇಲಿಟ್ಕೊಂಡು ಮಲಗ್ತಾರೆ."

ಕದಿರಮ್ಮನಿಗೆ ಚೌಕಿಯ ಗೋಡೆಗಳು ದೂರ ಸರಿದಂತಾಯಿತು. ನೆಲದೊಳಗಿನ ತನ್ನ ಊರಿಗೂ ಈ ಹೊಟ್ಟೆಗೂ ನಡುವೆ ಒಂದು ಸಣ್ಣ ಓಣಿಯಷ್ಟೇ ಇತ್ತು.

"ಬೇರೆ ಯಾರಿಗೆ ಗೊತ್ತು?"

"ಪಕ್ಕದ ತಟ್ಟಿಮನೆ ಚಿಕ್ಕವೆಂಕಟಪ್ಪ. ಚಿನ್ನದ ಕಲ್ಲು ಅರೆಯೋ ಮಿಲ್ಲಲ್ಲಿ ಕೆಲಸ. ಬಚ್ಚಲಲ್ಲಿ ಬಿಚ್ಚಿಟ್ಟಿದ್ದಾಗ ಗೋಡೆ ಮೇಲಿಂದ ಕಂಡ್ಬಿಟ್ಟ. ಏನೂ ಕೇಳ್ನಿಲ್ಲ, ಸುಮ್ಕೆ ನೋಡ್ತಾ ನಿಂತಿದ್ದ."

ಕದಿರಮ್ಮ ಬಟ್ಟೆಗಳನ್ನು ಇದ್ದ ಹಾಗೇ ಮಡಚಿ ಹೊಟ್ಟೆಗಿಟ್ಟು ಪಟ್ಟಿ ಬಿಗಿದಳು. ಸೆರಗು ಸರಿಮಾಡಿ ಹೊರಗೆ ಬಂದಳು.

"ಚಿನ್ನ ಇಲ್ಲ, ಸ್ವಾಮಿ."

"ಹೊಟ್ಟೆ?"

"ನೀವು ಹುಡುಕಾಕೆ ಏಳಿದ್ದು ಚಿನ್ನ. ಅದು ಇಲ್ಲ. ಮಿಕ್ಕಿದ್ದು ಹೆಂಗಸರ ಇಚಾರ."

ಕೋದಂಡಪ್ಪನ ಮುಖ ಗಂಟಾಯಿತು. ಬಿಲ್ಲೆ ಕಿತ್ತುಕೊಳ್ಳಬಹುದು ಎಂದು ಅವಳಿಗೆ ಗೊತ್ತಿತ್ತು. ಆದರೂ ನಿಂತ ಜಾಗ ಬಿಡಲಿಲ್ಲ. ಮುನಿರತ್ನಮ್ಮ ಪಾತ್ರೆ ಎತ್ತಿಕೊಂಡು ಗೇಟು ದಾಟಿದ ಮೇಲೆ ಮೆಲ್ಲಗೆ ಕೇಳಿದಳು:

"ಸುದ್ದಿ ಕೊಟ್ಟೋನು ಚಿಕ್ಕವೆಂಕಟಪ್ಪನಾ, ಸ್ವಾಮಿ?"

"ನಿನಗ್ಯಾರು ಹೇಳಿದ್ರು?" ಎಂದು ಅವನು ಸರ್ರನೆ ತಿರುಗಿದ. ಅಷ್ಟೇ ಅವಳಿಗೆ ಸಾಕಾಯಿತು.

"ಅಂಗಾದ್ರೆ ನೀವೆಲ್ಲ ಈವಮ್ಮನ ಒಟ್ಟೆ ಕಾಯ್ತಿರೋ ಒತ್ತಲ್ಲಿ ಅವನು ಎಲ್ಲಿಗೆ ಓಗ್ತಾನೆ, ಏನು ಒತ್ಕೊಂಡು ಓಗ್ತಾನೆ, ನೋಡಿದೀರಾ? ವಾರವಾರ ನಮ್ಮ ಕಣ್ಮುಂದೇನೇ ಬೌರಿಂಗ್‌ಪೇಟೆ ರೈಲಿಗೆ ಗಡಿಗೆ ಇಡ್ಕೊಂಡು ಓಗೋನು ಅವನೇ ಅಲ್ವಾ?"

"ಬೀಗರ ಮನೆಗೆ ಮೊಸರು ಕೊಡಕ್ಕೆ ಹೋಗ್ತಾನೆ."

"ಎಮ್ಮೆ ಕಟ್ದೋನಲ್ಲ, ಸ್ವಾಮಿ. ಮೊಸರು ಎಲ್ಲಿಂದ?"

ದಫೇದಾರ ಗದರಿ ಕಳಿಸಿದನಾದರೂ ಆ ಮಾತು ಅವನ ತಲೆಯಲ್ಲಿ ಕೂತಿತು. ಆ ವಾರ ಅವನು ಎರಡು ಜನ ಪೇದೆಗಳನ್ನು ಕರೆದುಕೊಂಡು ಬೌರಿಂಗ್‌ಪೇಟೆಗೆ ಹೋದ. ರೈಲಿಳಿದ ಹೆಂಗಸರಲ್ಲಿ ಯಾರಾದರೂ ಅವನ ಜೊತೆಯವರಿದ್ದರೆ ಝಡತಿಗೆ ಬೇಕೆಂದು ಕದಿರಮ್ಮನನ್ನೂ ಕರೆದೊಯ್ದ. ಬೇವಿನಮರದ ಕೆಳಗೆ ಚಿಕ್ಕವೆಂಕಟಪ್ಪನನ್ನು ನಿಲ್ಲಿಸಿ ಗಡಿಗೆಯನ್ನು ಬೋಗುಣಿಗೆ ಬಗ್ಗಿಸಿದರು. ಗಟ್ಟಿ ಮೊಸರು ನಿಧಾನವಾಗಿ ಜಾರಿತು. ಕೊನೆಗೆ ದೊಪ್ಪೆಂದು ಒಂದು ಬೂದುಬಣ್ಣದ ಮುದ್ದೆ ಬಿತ್ತು. ಮಿಲ್ಲಿನ ತಟ್ಟೆಗಳಿಂದ ಕೆರೆದು ತೆಗೆದ, ಪಾದರಸ ಬೆರೆತ ಚಿನ್ನ. ಹೊಳಪೇ ಇರಲಿಲ್ಲ. ಒಲೆಯ ಬೂದಿಯನ್ನು ಉಂಡೆ ಕಟ್ಟಿದಂತಿತ್ತು. ಇದಕ್ಕಾಗಿಯೇ ಬಚ್ಚಪ್ಪ ಕೆಳಗಿಳಿದದ್ದಾ ಎಂದು ಕದಿರಮ್ಮ ಬಹಳ ಹೊತ್ತು ಅದನ್ನೇ ನೋಡಿದಳು. ಚಿಕ್ಕವೆಂಕಟಪ್ಪ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಜೈಲಾಯಿತು.

ಕೋದಂಡಪ್ಪ ಮತ್ತೆಂದೂ ಆ ಹೊಟ್ಟೆಯ ವಿಷಯ ಕೇಳಲಿಲ್ಲ. ಗಣಿ ಕೂಲಿಗಳ ಮನೆಗಳಿದ್ದ ಲೈನಿನ ಜನರೂ ಮೆಲ್ಲಗೆ ಆಡಿಕೊಳ್ಳುವುದನ್ನು ಬಿಟ್ಟರು.

ಮಳೆಗಾಲ ಕಳೆದ ಮೇಲೆ ಮುನಿರತ್ನಮ್ಮ ತಾನಾಗಿಯೇ ಬಂದು, "ನಿಮ್ಮೂರ ಕೆರೆಗೆ ಕರ್ಕೊಂಡೋಗ್ತೀಯಾ, ಅಕ್ಕಯ್ಯಾ?" ಎಂದು ಕೇಳಿದಳು. ಇಬ್ಬರೂ ಬೇತಮಂಗಲಕ್ಕೆ ನಡೆದರು. ಕೆರೆ ತುಂಬಿ, ಆಕಾಶವೇ ಕೆಳಗಿಳಿದು ಮಲಗಿದಂತಿತ್ತು. ಮುನಿರತ್ನಮ್ಮ ನೀರಂಚಿನ ಕಲ್ಲಿನ ಮೇಲೆ ಕೂತು ಪಟ್ಟಿ ಬಿಚ್ಚಿದಳು. ಒಂದೊಂದಾಗಿ ಅಂಗಿ, ದಟ್ಟಿಗಳನ್ನು ಒಗೆದು ಲಕ್ಕಿಗಿಡಗಳ ಮೇಲೆ ಹರವಿದಳು. ಒಣಗುವವರೆಗೆ ಇಬ್ಬರೂ ದಡದಲ್ಲೇ ಕೂತರು. ಕದಿರಮ್ಮನಿಗೆ ಕಣ್ಣು ಎಳೆದು ಸ್ವಲ್ಪ ಜೋಂಪು ಹತ್ತಿತು. ಆ ಜೋಂಪಿನಲ್ಲಿ ಯಾವುದೋ ಮಗು ನೀರಿನ ಮೇಲೆ ಕಾಲಿಟ್ಟುಕೊಂಡು ಆಚೆ ದಡಕ್ಕೆ ಹೋದಂತೆ ಕಂಡಿತು. ಎದ್ದಾಗ ಮುನಿರತ್ನಮ್ಮ ಬಟ್ಟೆಗಳನ್ನು ಬುಟ್ಟಿಗೆ ತುಂಬಿಕೊಂಡಿದ್ದಳು. ಅವು ಅದೇ ಊರಿನ ಒಬ್ಬ ಬಾಣಂತಿಯ ಮನೆಗೆ ಹೋದವು.

ವರ್ಷಗಳು ಉರುಳಿದವು. ಯಾವುದೋ ದೊಡ್ಡ ಪಟ್ಟಣಗಳಲ್ಲಿ ಹೆಂಗಸರಿಗೂ ಪೊಲೀಸ್ ಉಡುಪು ಕೊಡುತ್ತಾರಂತೆ ಎಂಬ ಮಾತು ಗಣಿಗೂ ಬಂತು. ಕದಿರಮ್ಮ ಕೇಳಿ ನಕ್ಕಳು. ಅಷ್ಟರಲ್ಲಿ ಅವಳ ಕಣ್ಣು ಮಂಜಾಗಿತ್ತು. ಬೇರೆ ಯಾರನ್ನು ಇಟ್ಟುಕೊಳ್ಳೋಣ ಎಂದು ಚೌಕಿಯವರು ಕೇಳಿದಾಗ ಅವಳು ಮುನಿರತ್ನಮ್ಮನ ಹೆಸರು ಹೇಳಿದಳು.

ಮೊದಲ ದಿನ ಮುನಿರತ್ನಮ್ಮ ಮಣೆಯ ಪಕ್ಕ ನಿಂತು, "ಮೊದ್ಲು ಏನು ಮಾಡ್ಲಿ, ಅಕ್ಕಯ್ಯಾ?" ಎಂದಳು.

"ಕೈ ಉಜ್ಜಿ ಬೆಚ್ಚಗೆ ಮಾಡ್ಕೋ. ಆಮೇಲೆ ಅವಳ ಎಸರು ಕೇಳು."

ಹೊರಗೆ ಯಾರೋ ಹೆಂಗಸನ್ನು ಕರೆತಂದ ಸದ್ದಾಯಿತು. ಕದಿರಮ್ಮ ಗೋಡೆ ಹಿಡಿದುಕೊಂಡು ಹೊರಬಂದು, ಬಿಸಿಲಿನಲ್ಲಿ ಮನೆಯ ದಾರಿ ಹಿಡಿದಳು.