ಪಟ್ಟಿಯಲ್ಲಿಲ್ಲದ ತಂಡ

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಮಾನ್ವಿಯ ಒಂದು ಜೂನಿಯರ್ ಕಾಲೇಜಿಗೆ ಅರ್ಥಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದೆ. ಮನೆ ರಾಯಚೂರಿನಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಅಧ್ಯಾಪಕರಲ್ಲಿ ಹೆಂಗಸು ನಾನೊಬ್ಬಳೇ. ಆ ಒಂದೇ ಅರ್ಹತೆಯ ಮೇಲೆ ಹುಡುಗಿಯರ ಕ್ರೀಡೆಯ ಉಸ್ತುವಾರಿ ನನಗೆ ಬಂತು. ಬಸ್ಸು ಹಿಡಿಯುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ನಾನು ಓಡಿದವಳಲ್ಲ.

ಹುಡುಗಿಯರಿಂದಲೂ ಹುಡುಗರಷ್ಟೇ ಕ್ರೀಡಾ ಶುಲ್ಕ ತೆಗೆದುಕೊಳ್ಳುತ್ತಿದ್ದರು. ಆದರೆ ಅವರಿಗೆಂದು ಒಂದು ಚೆಂಡೂ ಇರಲಿಲ್ಲ. ಹಣವೆಲ್ಲ ಹುಡುಗರ ಕ್ರಿಕೆಟ್ ಸಾಮಾನಿಗೆ ಹೋಗಿ, ಉಳಿದದ್ದು ವಾರ್ಷಿಕೋತ್ಸವದ ಶಾಮಿಯಾನಕ್ಕೆ ಆಗುತ್ತಿತ್ತು. ಪ್ರಾಚಾರ್ಯರನ್ನು ಕೇಳಿದೆ. ಅವರು ಯಾರ ಮೇಲೂ ದನಿ ಎತ್ತದ ಮನುಷ್ಯ. ಕಷ್ಟವಿದ್ದದ್ದೇ ಅಲ್ಲಿ. ಜಗಳ ಆಡೋಣವೆಂದರೆ ಎದುರು ಯಾರೂ ಸಿಗುತ್ತಿರಲಿಲ್ಲ.

"ಹೆಣ್ಮಕ್ಕಳು ಎಲ್ಲಿ ಆಡ್ತಾರ್ರಿ ಮೇಡಂ? ಮೊದಲ ತಂಡ ಕಟ್ರಿ, ಆಮ್ಯಾಲ ನೋಡೋಣು," ಎಂದರು.

ಖರ್ಚಿಲ್ಲದ ಆಟ ಯಾವುದೆಂದು ಯೋಚಿಸಿ ಖೊ ಖೊ ಆರಿಸಿಕೊಂಡೆ. ಬೇಕಾದದ್ದು ಎರಡೇ ಕಂಬ. ಅವನ್ನೂ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಪುಕ್ಕಟೆ ಕೊಟ್ಟರು. ಹನ್ನೆರಡು ಹುಡುಗಿಯರು ಬಂದರು. ಲಂಗದ ಕೆಳಗೆ ಅಣ್ಣತಮ್ಮಂದಿರ ಪೈಜಾಮ ತೊಟ್ಟು, ದಾವಣಿಯನ್ನು ಸೊಂಟಕ್ಕೆ ಬಿಗಿದು, ಕಾಲೇಜು ಶುರುವಾಗುವ ಮೊದಲೇ ಬಯಲಿಗಿಳಿಯುತ್ತಿದ್ದರು. ನಾನು ನಿಯಮಗಳನ್ನು ಪುಸ್ತಕ ನೋಡಿ ಓದಿ ಹೇಳುತ್ತಿದ್ದೆ. ಅವರು ಆಡಿ ತೋರಿಸಿ ನನಗೇ ಕಲಿಸುತ್ತಿದ್ದರು.

ಅವರಲ್ಲಿ ಹತ್ತಿರದ ಕುರ್ಡಿ ಹಳ್ಳಿಯಿಂದ ಬರುತ್ತಿದ್ದ ಒಬ್ಬಳನ್ನು ಯಾರಿಗೂ ಮುಟ್ಟಲು ಆಗುತ್ತಿರಲಿಲ್ಲ. ಕೈ ಇನ್ನೇನು ಬೆನ್ನಿಗೆ ತಾಗಿತು ಅನ್ನುವಾಗ ಸೊಂಟ ಮಣಿಸಿ ಆಚೆ ಸರಿದಿರುತ್ತಿದ್ದಳು. ಜಿಲ್ಲಾ ಕ್ರೀಡಾಕೂಟಕ್ಕೆ ಕಳಿಸುವುದಿಲ್ಲವೆಂದು ಅವರಪ್ಪ ಹೇಳಿದ್ದರಿಂದ ಒಂದು ಭಾನುವಾರ ಅವರ ಊರಿಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಗದ್ದೆಯಲ್ಲಿ ಕೂಲಿ ಮಾಡುವವರು.

"ಓಡೋದು ಏನ್ ಕಲಿಸ್ತೀರ್ರಿ ಅಕ್ಕಾರ? ಹುಟ್ಟಿದಾಗಿಂದ ಓಡಾಕತ್ತಾಳ," ಎಂದರು ಅಪ್ಪ.

"ಜಿಲ್ಲಾದಾಗ ಗೆದ್ರ ಸರ್ಟಿಫಿಕೇಟ್ ಕೊಡ್ತಾರ್ರಿ. ಮುಂದ ಟೀಚರ್ ಟ್ರೇನಿಂಗಿಗಿ ಅರ್ಜಿ ಹಾಕಿದಾಗ ಉಪಯೋಗ ಆಗ್ತದ."

"ಕಾಗದ ಕೈಗಿ ಬರ್ತದ?"

"ನಾನ ತಂದು ಕೊಡ್ತೀನ್ರಿ."

ಆಗ ನನಗೆ ಇಪ್ಪತ್ತೈದು. ಮಾತು ಕೊಡುವುದು ಬಹಳ ಸುಲಭವಾಗಿತ್ತು.

ಕಾಲೇಜು ಮೊದಲೇ ಪ್ರವೇಶ ಶುಲ್ಕ ಕಟ್ಟಿ ತಂಡದ ಹೆಸರು ಕಳಿಸಬೇಕಿತ್ತು. ಪ್ರಾಚಾರ್ಯರನ್ನು ಎರಡು ಸಲ ವಿಚಾರಿಸಿದೆ. ಎರಡು ಸಲವೂ "ಕಳಿಸೀವ್ರಿ ಮೇಡಂ" ಎಂದರು. ರಸೀದಿ ತೋರಿಸಿ ಎನ್ನಲು ನಾಚಿಕೆಯಾಯಿತು. ಆ ನಾಚಿಕೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಕೂಟದ ದಿನ ಹನ್ನೆರಡು ಜನರನ್ನೂ ರಾಯಚೂರಿಗೆ ಕರೆತಂದೆ. ನಮ್ಮ ಮೊದಲ ಪಂದ್ಯ ದೇವದುರ್ಗದ ಕಾಲೇಜಿನ ಮೇಲೆ ಎಂದು ಕೇಳಿದ್ದೆವು. ಮೇಜಿನ ಹಿಂದೆ ಕುಳಿತಿದ್ದ ಅಧಿಕಾರಿ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ಮ ಹೆಸರು ಹೊಡದು ಹಾಕ್ಯಾರಲ್ರಿ. ಫೀಸು ಬಂದಿಲ್ಲ."

"ಈಗ ಇಲ್ಲೇ ಕಟ್ತೀನಿ, ತಗೋರಿ," ಎಂದು ಪರ್ಸು ತೆಗೆದೆ.

"ತಾರೀಖು ಮುಗದು ಹೋಗ್ಯದ್ರಿ. ನನ್ನ ಕೈಯಾಗ ಇಲ್ಲ."

ಬೇಡಿಕೊಂಡೆ, ವಾದಿಸಿದೆ, ಇನ್ನೊಬ್ಬ ಅಧಿಕಾರಿಯ ಬಳಿ ಹೋದೆ. ಅವರು ಮತ್ತೆ ಮೊದಲಿನವರ ಬಳಿಗೇ ಕಳಿಸಿದರು. ದೇವದುರ್ಗ ಆಡದೆಯೇ ಗೆದ್ದಿತೆಂದು ಬರೆದುಕೊಂಡರು. ನಮ್ಮ ಹುಡುಗಿಯರು ಬೇಲಿಯ ಪಕ್ಕ ಸಾಲಾಗಿ ಕುಳಿತಿದ್ದರು. ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ನಿಂತಿದ್ದಾಗ ದೇವದುರ್ಗದ ವ್ಯಾಯಾಮ ಶಿಕ್ಷಕರು ಬಂದರು. ನಿವೃತ್ತಿಗೆ ಹತ್ತಿರವಾದ ವಯಸ್ಸು, ಕೊರಳಲ್ಲಿ ಸೀಟಿ.

"ಆಡದ ಗೆದ್ರ ನಮ್ಮ ಹುಡುಗ್ಯಾರಿಗಿ ಸಮಾಧಾನ ಇಲ್ರಿ. ಹಿಂದಿನ ಬಯಲಾಗ ಒಂದು ಪಂದ್ಯ ಆಡೋಣು ಬರ್ರಿ," ಎಂದರು.

ಅವರೇ ಸುಣ್ಣದ ಗೆರೆ ಎಳೆದರು, ಅವರೇ ತೀರ್ಪುಗಾರರಾದರು. ಎರಡು ಸಲ ತಮ್ಮ ತಂಡದ ವಿರುದ್ಧವೇ ಸೀಟಿ ಊದಿದರು. ಕುರ್ಡಿಯ ಹುಡುಗಿ ತನ್ನ ಪಾಳಿ ಪೂರ್ತಿ ಓಡಿದಳು, ಒಮ್ಮೆಯೂ ಸಿಗಲಿಲ್ಲ. ನಾವು ನಾಲ್ಕು ಅಂಕಗಳಿಂದ ಗೆದ್ದೆವು. ಆಟ ಮುಗಿದ ಮೇಲೆ ದೇವದುರ್ಗದ ನಾಯಕಿ ಏದುಸಿರು ಬಿಡುತ್ತ, "ಸರ್, ನಮ್ಮ ಬದ್ಲಿ ಇವರ್ನ ಕಳಿಸ್ರಿ," ಎಂದಳು. ಮೇಷ್ಟ್ರು ತಲೆ ತಗ್ಗಿಸಿ ಕಾಲಲ್ಲಿ ಗೆರೆ ಅಳಿಸತೊಡಗಿದರು. ಮಧ್ಯಾಹ್ನ ದೇವದುರ್ಗ ಮುಂದಿನ ಸುತ್ತಿನಲ್ಲೂ ಗೆದ್ದಿತು. ನಾವು ನೋಡುತ್ತ ಕುಳಿತೆವು.

ವಾಪಸು ಬಸ್ಸಿನಲ್ಲಿ ಒಬ್ಬಳು ಕೇಳಿದಳು: "ಮೇಡಂ, ಮನ್ಯಾಗ ಏನ್ ಹೇಳ್ಬೇಕ್ರಿ? ಗೆದ್ದೀವಂತೋ, ಸೋತೀವಂತೋ?"

ನಾನು ಕೈಯಲ್ಲಿದ್ದ ಟಿಕೆಟುಗಳನ್ನು ಮತ್ತೆ ಎಣಿಸತೊಡಗಿದೆ.

ಕುರ್ಡಿಯ ಹುಡುಗಿಯನ್ನು ನಾನೇ ಮನೆ ಮುಟ್ಟಿಸಿದೆ. ಅವರಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೈಯಬಹುದು ಅಂದುಕೊಂಡಿದ್ದೆ. ಬೈಯಲಿಲ್ಲ.

"ಗೆದ್ದದ್ದು ಖರೇ ಏನ್ರಿ?"

"ಖರೇ."

"ಹಂಗಾದ್ರ ನೀವ ಒಂದು ಬರದು ಕೊಡ್ರಿ."

ಅದಕ್ಕೆ ಬೆಲೆ ಇಲ್ಲವೆಂದು ಹೇಳಬೇಕಿತ್ತು. ಬದಲಿಗೆ ಅವಳ ನೋಟುಬುಕ್ಕಿನ ಹಾಳೆಯ ಮೇಲೆ ಆಟದ ಹೆಸರು, ಊರು, ಅಂಕ ಎಲ್ಲ ಬರೆದು ಸಹಿ ಮಾಡಿದೆ. ಓದಲು ಬಾರದ ಆ ಮನುಷ್ಯ ಅದನ್ನು ನೆಟ್ಟಗೆ ಮಡಚಿ ಟ್ರಂಕಿನಲ್ಲಿಟ್ಟರು.

ಮರುದಿನ ಪ್ರಾಚಾರ್ಯರ ಕೋಣೆಗೆ ಹೋದೆ.

"ಹೆಣ್ಮಕ್ಕಳು ಕಡೀಗಿ ಬರಂಗಿಲ್ಲ ಅಂತಾರ್ರಿ ಮೇಡಂ. ರೊಕ್ಕ ಸುಮ್ಮನ ಹೋಗ್ತದಂತ ತಡದೆ," ಎಂದರು.

"ಹನ್ನೆರಡೂ ಮಂದಿ ಬಂದಿದ್ರು ಸರ್. ನನಗ ಹೇಳಬೇಕಿತ್ತು."

"ಹೇಳಿದ್ರ ನೀವು ಬ್ಯಾಸರ ಮಾಡ್ಕೊತಿದ್ರಿ."

ಇಷ್ಟು ಹೇಳಿ ನನಗೆ ಚಹಾ ತರಿಸಿದರು. ಕುಡಿಯದೆ ಎದ್ದು ಬಂದೆ. ಅಷ್ಟೇ ನನ್ನ ಪ್ರತಿಭಟನೆ. ಕ್ರೀಡಾಕೂಟದ ಸಮಿತಿಗೆ ಎರಡು ಪುಟದ ಪತ್ರ ಬರೆದೆ. ಅಧಿಕೃತವಲ್ಲದ ಪಂದ್ಯಗಳನ್ನು ಪರಿಗಣಿಸುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು.

ಮರುವರ್ಷ ಶುಲ್ಕವನ್ನು ನಾನೇ ಹೋಗಿ ಕಟ್ಟಿದೆ. ಅಷ್ಟರಲ್ಲಿ ಹನ್ನೆರಡರಲ್ಲಿ ಎಂಟು ಮಂದಿ ಕಾಲೇಜು ಮುಗಿಸಿದ್ದರು ಇಲ್ಲವೇ ಮದುವೆಯಾಗಿದ್ದರು. ಹೊಸ ತಂಡ ಮೊದಲ ಪಂದ್ಯದಲ್ಲೇ ಸೋತಿತು. ಭಾಗವಹಿಸಿದ್ದಕ್ಕೆಂದು ಎಲ್ಲರಿಗೂ ಚಂದದ ಅಚ್ಚಿನ ಪ್ರಮಾಣಪತ್ರ ಕೊಟ್ಟರು. ನಾನು ಅವನ್ನು ಹಂಚುವಾಗ ಯಾರ ಮುಖವನ್ನೂ ನೋಡಲಿಲ್ಲ.

ಕುರ್ಡಿಯ ಹುಡುಗಿ ಟ್ರೇನಿಂಗಿಗೆ ಅರ್ಜಿ ಹಾಕಿದಳು. ನಾನು ಬರೆದ ಹಾಳೆಯನ್ನೂ ಲಗತ್ತಿಸಿದ್ದಳು. ಗುಮಾಸ್ತರು ಅದನ್ನು ಕಿತ್ತು ವಾಪಸು ಕೊಟ್ಟರಂತೆ. ಸ್ವಲ್ಪದರಲ್ಲಿ ಸೀಟು ತಪ್ಪಿತು. ಎರಡು ವರ್ಷ ಅಪ್ಪ ಅವ್ವನ ಜೊತೆ ನಾಟಿಗೆ ಹೋದಳು, ಆಮೇಲೆ ಪಕ್ಕದ ಊರಿನ ಅಂಗನವಾಡಿಗೆ ಸೇರಿದಳು.

ಎಂಬತ್ತರ ದಶಕದ ನಡುವೆ, ನನಗೆ ರಾಯಚೂರಿಗೇ ವರ್ಗವಾದ ಮೇಲೆ, ಒಂದು ದಿನ ಬಸ್ಸಿನಲ್ಲಿ ಸಿಕ್ಕಳು. ಮಕ್ಕಳಿಗೆ ಹಾಡು ಹೇಳಿಕೊಡುವುದು, ಮೇಲ್ವಿಚಾರಕಿಯ ಕಿರಿಕಿರಿ, ಎಲ್ಲ ಹೇಳುತ್ತ ನಕ್ಕಳು. ನಾನು ಹೇಳಬೇಕಾದದ್ದನ್ನು ಬಹಳ ವರ್ಷಗಳಿಂದ ಜೋಡಿಸಿಟ್ಟುಕೊಂಡಿದ್ದೆ. "ಅವತ್ತ ನಾ ರಸೀದಿ ಕೇಳಿದ್ರ..." ಎಂದು ಶುರು ಮಾಡಿದೆ.

"ಬಿಡ್ರಿ ಮೇಡಂ," ಎಂದಳು. "ನೀವು ಇಳಿಯೋದು ಬಂತು ನೋಡ್ರಿ." ನನಗೆ ದಾರಿ ಆಗಲೆಂದು ತನ್ನ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು.