ಅಪ್ಪನ ಬೆನ್ನು, ನನ್ನ ಜೂಡೋ

ನಮ್ಮಪ್ಪ ಮುಗದ ಎಂಬ ಊರಿನ ಗರಡಿಯಲ್ಲಿ ಬೆಳೆದ ಪೈಲ್ವಾನ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿತೆಂದರೆ ಸೋತಂತೆ. ಅಪ್ಪನ ಬೆನ್ನಿಗೆ ಮಣ್ಣು ಹತ್ತಿಸಿದವರು ಸುತ್ತಲಿನ ಊರುಗಳಲ್ಲಿ ಯಾರೂ ಇರಲಿಲ್ಲವಂತೆ. ಹಾಗಂತ ಹೇಳುತ್ತಿದ್ದವರು ಅಪ್ಪನೇ, ಆ ಮಾತು ಬೇರೆ. ಕುಸ್ತಿ ಬಿಟ್ಟು, ಉಣಕಲ್ಲಿನಲ್ಲಿ ಮನೆ ಮಾಡಿ, ಹತ್ತಿಯ ದಲಾಲಿ ಅಂಗಡಿ ಸೇರಿದ ಮೇಲೂ ಆ ಹಟ ಹೋಗಲಿಲ್ಲ. ಮಲಗುವುದೂ ಮಗ್ಗುಲಾಗಿಯೇ. ಜ್ವರ ಬಂದಾಗ ಕೂಡ ಅವರು ಅಂಗಾತ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಇಂಥವರ ಮಗಳು ನಾನು, ತೊಂಬತ್ತರ ದಶಕದ ಕೊನೆಗೆ ವಿದ್ಯಾನಗರದ ಕಾಲೇಜಿನಲ್ಲಿ ಜೂಡೋ ಕಲಿಯಲು ಹೋದೆ. ನನಗೆ ಹುಚ್ಚು ಹಿಡಿಸಿದ್ದು ಎತ್ತಿ ಒಗೆಯುವುದಲ್ಲ, ಕೆಳಗೆ ಬಿದ್ದ ಮೇಲಿನ ಆಟ. ಅಂಗಾತ ಬಿದ್ದವಳೂ ಮೇಲಿನವಳ ತೋಳಿಗೆ ಪಟ್ಟು ಹಾಕಿ ಗೆಲ್ಲಬಹುದು. ಪಟ್ಟಿಗೆ ಸಿಕ್ಕವಳು ಅಂಗೈಯಿಂದ ನೆಲ ತಟ್ಟಿದರೆ ತಕ್ಷಣ ಬಿಡಬೇಕು. ಸಂಜೆ ಮನೆಯಲ್ಲಿ ಕೌದಿ ಹಾಸಿಕೊಂಡು ಒಬ್ಬಳೇ ಉರುಳಾಡುತ್ತಿದ್ದೆ.

ಬೆಳಗಾವಿಯ ಪಂದ್ಯಕ್ಕೆ ನನ್ನನ್ನು ಆರಿಸಿದರು. ಖುಷಿಗೆ ನನಗೆ ಊಟವೇ ಸೇರಲಿಲ್ಲ. ಅಪ್ಪ ಬೇಡವೆಂದರು.

"ಬೆನ್ನ ನೆಲಕ್ಕ ಹಚ್ಚಿ ಮಲ್ಕೊಳ್ಳೂದು ಎಂಥಾ ಆಟ ಇದು? ನನ್ನ ಮಗಳು ನಾಕ ಮಂದಿ ಮುಂದ ಚಿತ್ ಆಗೂದ ನಾ ನೋಡಂಗಿಲ್ಲ."

ನನಗೂ ಅವರದೇ ಸಿಟ್ಟು. "ಹಂಗಾರ ಬರ್ರಿ, ಕೌದಿ ಮ್ಯಾಲ ಬರ್ರಿ. ನೋವಾದ್ರ ನೆಲಾ ತಟ್ಟ್ರಿ. ನೀವು ತಟ್ಟಿದ್ರ ನಾ ಬೆಳಗಾವಿಗಿ ಹೋಗಾಕಿ" ಎಂದೆ. ಅವರು ನಗುತ್ತ ಧೋತರದ ಕಚ್ಚೆ ಬಿಗಿದರು.

ಕಣ್ಣು ಮುಚ್ಚಿ ತೆರೆಯುವುದರೊಳಗೆ ನಾನು ಅಂಗಾತ ಬಿದ್ದಿದ್ದೆ. ಅಪ್ಪ ಒಂದು ಕೈಯಿಂದ ನನ್ನ ಭುಜ ಒತ್ತಿ ಹಿಡಿದು, ಗೆದ್ದೆನೆಂದು ಒಲೆಯ ಮುಂದಿದ್ದ ಅವ್ವನ ಕಡೆ ನೋಡಿದರು. ನನಗೆ ಅಷ್ಟು ಸಾಕಿತ್ತು. ನೀಳವಾಗಿ ಚಾಚಿದ ಆ ಕೈಯ ಮಣಿಕಟ್ಟನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಎರಡೂ ಅಂಗೈಗಳನ್ನು ಮೊಣಕೈ ಮೇಲಿಟ್ಟು ಎದೆಯತ್ತ ಒತ್ತಿದೆ. ಅಪ್ಪನ ಮುಖ ಕೆಂಪಾಯಿತು, ಹಣೆಯ ಬೆವರು ನನ್ನ ಮೇಲೆ ತೊಟ್ಟಿಕ್ಕಿತು. ನೆಲ ಮಾತ್ರ ತಟ್ಟಲಿಲ್ಲ. ಸಾಕು ಅನ್ನುವುದನ್ನು ಗರಡಿಯಲ್ಲಿ ಯಾರೂ ಅವರಿಗೆ ಕಲಿಸಿರಲಿಲ್ಲ. ಇನ್ನಷ್ಟು ಒತ್ತಿದರೆ ಕೀಲು ಹೋಗುವುದು ನನ್ನ ಅಂಗೈಗೇ ತಿಳಿಯುತ್ತಿತ್ತು. ಬಿಟ್ಟುಬಿಟ್ಟೆ. ಬೆಳಗಾವಿ ಕೈತಪ್ಪಿತು ಅಂದುಕೊಂಡು ಅಳು ಬಂತು.

"ಯಾಕ ಬಿಟ್ಟಿ?"

"ಮುರೀತಿತ್ತರಿ ಅಪ್ಪಾ."

ಅಪ್ಪ ಮೊಣಕೈ ತಿಕ್ಕಿಕೊಳ್ಳುತ್ತ ಕುಳಿತರು. ಎಂಥ ತೋಳು, ಎಂಥ ಛಲ! ಅಷ್ಟು ಸಿಟ್ಟಿನಲ್ಲೂ ನನಗೆ ಅವರ ಮೇಲೆ ಹೆಮ್ಮೆಯೇ ಅನ್ನಿಸಿತು. ಆಮೇಲೆ ಅವರು ಮೆಲ್ಲಗೆ ಕೌದಿಯ ಮೇಲೆ ಅಂಗಾತ ಮಲಗಿದರು, ಎರಡೂ ಭುಜ ನೆಲಕ್ಕೆ ಹಚ್ಚಿ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ನಿಂತಳು.

"ಈಗ ನೀ ಮ್ಯಾಲ ಬಾ" ಎಂದರು ಅಪ್ಪ. "ಆ ಡಾವು ನನಗ ಕಲಿಸು. ನೀ ಬೆಳಗಾವಿಗಿ ಹೋಗೂದರೊಳಗ, ಅದರಿಂದ ಬಿಡಿಸ್ಕೊಳ್ಳೂದ ಹ್ಯಾಂಗಂತ ಇಬ್ಬರೂ ಕೂಡಿ ಹುಡಕೂಣು."