ಉಮೇಶನ ಸ್ಪೀಕರು, ದೇವಿಯ ಹಾಡು

ಮುಟ್ಟಳ್ಳಿಯ ಉಮೇಶನಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ, ಆದರೆ ಇದ್ದದ್ದು ಅದೇ. ಭಟ್ಕಳ ಪೇಟೆಯ ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿರುವ ಅವನಿಗೆ ಮೊಬೈಲಿನಲ್ಲಿ ಕರೋಕೆ ಹಚ್ಚಿಕೊಂಡು ಹಳೆಯ ಸಿನಿಮಾ ಹಾಡು ಹೇಳುವ ಹುಚ್ಚು. ಬಚ್ಚಲಲ್ಲಿ ಹಾಡಿ ಹಾಡಿ ಬೇಸತ್ತು, ಚಕ್ರವಿರುವ ದೊಡ್ಡ ಸ್ಪೀಕರು, ತಂತಿಯಿಲ್ಲದ ಮೈಕು ಬೇಕೇ ಬೇಕೆಂದು ಕೂತ.

ಸಂಬಳ ಬಂದ ಸಂಜೆ ಗಂಡ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೂತು ತಿಂಗಳ ಖರ್ಚು ಹಂಚುವುದು ಆ ಮನೆಯ ರೂಢಿ. ಆ ಸಲ ಮಿಕ್ಸಿ ಬೇರೆ ಸುಟ್ಟುಹೋಗಿತ್ತು. ಸ್ಪೀಕರಿನ ಮಾತೆತ್ತಲು ಉಮೇಶನಿಗೇ ನಾಚಿಕೆಯಾಯಿತು, ಆದರೂ ಎತ್ತಿದ.

"ಆತು, ತಕಳಿ," ಎಂದಳು ದೇವಿ. "ಮಿಕ್ಸಿ ಇಲ್ದಿದ್ರೆ ಎಂತ ಆತು? ಅರೆಯೂ ಕಲ್ಲು ಅದೆಯಲ್ಲ."

ಅಂದಿನಿಂದ ಮೀನು ಸಾರಿನ ಮಸಾಲೆಯೆಲ್ಲ ಕಲ್ಲಿನ ಮೇಲೆಯೇ.

ಪಕ್ಕದ ಮನೆಯ ಕಮಲಿಯ ಮಗಳ ಮದುವೆ ಬಂತು. ಹಿಂದಿನ ದಿನದ ಅರಿಶಿನಕ್ಕೆ ಉಮೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಪೀಕರು ಉರುಳಿಸಿಕೊಂಡು ಹೋದ. ಶಾಸ್ತ್ರಕ್ಕೆ ಹೆಂಗಸರು ಎರಡು ಸಾಲು ಹೇಳಲಿ, ಆಮೇಲೆ ನಾನಿದ್ದೇನಲ್ಲ ಎಂದು ಧಾರಾಳವಾಗಿ ಮೈಕನ್ನು ದೇವಿಯ ಕೈಗಿತ್ತ. ಅಲ್ಲೇ ಎಡವಿದ. ಅರಿಶಿನದ ಹಾಡು ಎತ್ತಿದ ಮೇಲೆ ಮದುಮಗಳು ಮಿಂದು ಒಳಗೆ ಹೋಗುವವರೆಗೆ ನಡುವೆ ನಿಲ್ಲಿಸುವ ಹಾಗಿಲ್ಲ. ಹುಟ್ಟಿ ಬೆಳೆದ ಕೇರಿಯ ಕ್ರಮವನ್ನು ಈ ಮಹಾರಾಯ ಹಾಡುವ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದ.

ದೇವಿ ಒಂದೊಂದೇ ಸಾಲು ಎತ್ತಿಕೊಟ್ಟಳು, ಉಳಿದವರು ಹಿಂದೆ ಹೇಳಿದರು. ಅಂಗಳದ ಗಂಡಸರು ಇಸ್ಪೀಟು ಬಿಟ್ಟು ಕಿವಿಗೊಟ್ಟರು. ಉಮೇಶ ಫೋನು ಹಿಡಿದು ಚಪ್ಪರದ ಕಂಬಕ್ಕೆ ಒರಗಿ ನಿಂತೇ ಇದ್ದ. ಹಾಡು ಮುಗಿಯುವಾಗ ಊಟಕ್ಕೆ ಎಲೆ ಹಾಕಿಯಾಗಿತ್ತು.

ಪಂಕ್ತಿಯಲ್ಲಿ ಕೂತವರೆಲ್ಲ ದೇವಿಯ ದನಿಯನ್ನು ಹೊಗಳುವವರೇ. ಉಮೇಶ ಅನ್ನ ಕಲಸುತ್ತ ಲೆಕ್ಕ ಹಾಕಿದ. ಸ್ಪೀಕರು ತನ್ನದು, ಮೈಕು ತನ್ನದು, ಹೆಸರು ಮಾತ್ರ ಇವಳದ್ದು! ನನ್ನ ಹೆಂಡತಿಯಲ್ಲವೇ ಎಂದು ಹೆಮ್ಮೆಪಡಲು ನೋಡಿದ. ಆಗಲಿಲ್ಲ, ಹೊಟ್ಟೆ ಉರಿಯಿತು.

ಮುಂದಿನ ಸಂಬಳದ ಸಂಜೆ ಅವನೇ ಮಾತು ತೆಗೆದ. "ಸ್ಪೀಕರು ಮಾರ್ತೆ. ನಿಂಗೆ ಮಿಕ್ಸಿ ತಕಂಬ. ನೀ ಅರೆಯೂದು ನೋಡೂಕಾಗೂದಿಲ್ಲ."

ದೇವಿಯ ಕಣ್ಣು ತುಂಬಿತು. "ನನ್ನ ಮೇಲೆ ಇಷ್ಟು ಮಮತೆ ಅದೆಯಾ ನಿಮ್ಗೆ?"

ಅವನು ಗೋಡೆ ನೋಡಿದ. ಮೈಕಿಲ್ಲದಿದ್ದರೆ ಇವಳನ್ನು ಹಾಡಿಗೆ ಯಾರು ಕರೆಯುತ್ತಾರೆ, ಅದನ್ನೂ ನೋಡೋಣ ಎಂಬುದು ಅವನೊಳಗಿನ ಮಾತು. ಸ್ಪೀಕರು ಕುಮಟೆಯ ಯಾರಿಗೋ ಹೋಯಿತು, ಅಡುಗೆಮನೆಗೆ ಮಿಕ್ಸಿ ಬಂತು.

ಸ್ವಲ್ಪ ದಿನಕ್ಕೇ ಕಾಯ್ಕಿಣಿಯ ಮುದುಕಿ ಹನುಮಕ್ಕ ಬಂದಳು. ಕಮಲಿಯ ಮನೆ ಮದುವೆಗೆ ಬಂದಿದ್ದವಳು; ಈಗ ಅವಳ ಮೊಮ್ಮಗಳ ಮದುವೆ, ಹಾಡಿಗೆ ದೇವಿ ಬೇಕು. ಉಮೇಶ ಜಗಲಿಯಲ್ಲೇ ಅಡ್ಡ ಬಂದ.

"ಮೈಕು ಮಾರಿ ಆತು, ಹನುಮಕ್ಕ. ಇನ್ನೆಂತ ಹಾಡೂದು?"

"ಮೈಕು ಯಾರಿಗೆ ಬೇಕಾ? ಅವತ್ತು ಆ ಡಬ್ಬಿ ಗರಗರ ಅಂದು ಇವಳ ದನಿ ಸಮಾ ಕೇಳ್ಲೇ ಇಲ್ಲ. ಹೋದದ್ದೇ ಒಳ್ಳೇದಾತು ಮಾರಾಯಾ."

ಹನುಮಕ್ಕ ದೇವಿಯ ಕೈಗೆ ವೀಳ್ಯ ಕೊಟ್ಟಳು. ಮೆಟ್ಟಿಲಿಳಿಯುವಾಗ ಉಮೇಶನ ಮುಖ ನೋಡಿ ಪಾಪ ಅನ್ನಿಸಿರಬೇಕು.

"ನೀನೂ ಬಾರಾ," ಎಂದಳು, "ಊಟಕ್ಕೆ."